ನೆಲ ಬಡಿದವರ ಚರಿತ್ರೆ

1

ನಮ್ಮ ನಾಡಿನ ಚರಿತ್ರೆಯ ಪುಸ್ತಕಗಳಲ್ಲಿ ಕೆರೆ ಕಟ್ಟಿಸಿದ ಅರಸನ ಹೆಸರಿದೆ. ದಾನ ಪಡೆದ ಬ್ರಾಹ್ಮಣನ ಹೆಸರಿದೆ. ಶಾಸನದ ಕವಿಯ ಹೆಸರು, ಕಲ್ಲು ಕೆತ್ತಿದವನ ಹೆಸರು ಕೂಡ ಒಮ್ಮೊಮ್ಮೆ ಸಿಗುತ್ತದೆ. ಕೆರೆಯ ಒಡ್ಡಿಗೆ ಮಣ್ಣು ಹೊತ್ತು, ಪದರಿನ ಮೇಲೆ ಪದರು ಹಾಸಿ, ನೀರು ಚಿಮುಕಿಸಿ, ದಿಮ್ಮಸು ಎತ್ತಿ ಎತ್ತಿ ಬಡಿದು ಆ ಸಡಿಲ ಮಣ್ಣನ್ನು ನೀರು ತಡೆಯುವ ಗೋಡೆ ಮಾಡಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಹುಡುಕಿದರೂ ಸಿಗುವುದಿಲ್ಲ. ಅವರಿಗೆ ಅಕ್ಷರ ಕೊಟ್ಟಿರಲಿಲ್ಲ. ಅಕ್ಷರ ಇದ್ದವರಿಗೆ ಅವರು ಕಾಣಲಿಲ್ಲ.

ಆದುದರಿಂದ ನಾವು ಇಲ್ಲಿ ಒಂದು ಸಣ್ಣ ಕೆಲಸದ ಚರಿತ್ರೆಯನ್ನು ಹೇಳಲು ಹೊರಟಿದ್ದೇವೆ. ಮನಿ ಕಟ್ಟುವ ಮೊದಲು, ರಸ್ತೆ ಹಾಕುವ ಮೊದಲು, ಕಾಲುವೆ ತೆಗೆಯುವ ಮೊದಲು ಸಡಿಲ ನೆಲವನ್ನು ಬಡಿದು ಗಟ್ಟಿ ಮಾಡುವ ಕೆಲಸ ಅದು. ಕಟ್ಟಡ ಎದ್ದ ಮೇಲೆ ಆ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಸರಿಯಾಗಿ ಮಾಡಿದ್ದರೆ ಅದು ನೆನಪಿಗೂ ಬರುವುದಿಲ್ಲ. ಗೋಡೆ ಬಿರಿದಾಗ, ಒಡ್ಡು ಒಡೆದಾಗ, ರಸ್ತೆ ಕುಸಿದಾಗ ಮಾತ್ರ ಅದರ ಸುದ್ದಿ ಎದ್ದುಬರುತ್ತದೆ. ಆಗ ಬೈಗುಳ ಯಾರ ಪಾಲಿಗೆ ಅನ್ನುವುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾತನ್ನು ಯಮನೂರಿನಲ್ಲಿ ನಿಂತು ಹೇಳಬೇಕು ಅನ್ನಿಸುತ್ತದೆ. ನವಲಗುಂದ ತಾಲೂಕಿನ ಈ ಊರು ಬೆಣ್ಣಿಹಳ್ಳದ ದಂಡೆಯ ಮೇಲೈತಿ. ಹಿಂದೂ-ಮುಸಲ್ಮಾನ ಎನ್ನದೆ ಜನ ಇಲ್ಲಿಗೆ ಬಂದು, ಹಳ್ಳದಾಗ ಮಿಂದು, ರಾಜಾಬಾಗಸವಾರನಿಗೆ ಸಕ್ಕರೆ ಓದಿಸಿ ಹೋಗುತ್ತಾರೆ; ಅವನನ್ನೇ ಚಾಂಗದೇವ ಅಂತಲೂ ಕರೀತಾರ. 2016ರ ಜುಲೈ ತಿಂಗಳಲ್ಲಿ ಮಹದಾಯಿ ನೀರಿಗಾಗಿ ನಡೆದ ಹೋರಾಟದಲ್ಲಿ ಪೊಲೀಸರು ಮನೆ ಹೊಕ್ಕು ಹೊಡೆದಾಗ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಬಂತು. ಆದರೆ ಊರಿನ ಎಲ್ಲಕ್ಕೂ ಮೂಲವಾದ ಸಂಗತಿ ಪತ್ರಿಕೆಯಲ್ಲಿ ಬರಲಿಲ್ಲ. ಅದು ಕಾಲಡಿಯ ಎರಿ. ಕಪ್ಪು ಮಣ್ಣು. ಹತ್ತಿ, ಜೋಳ, ಕಡಲೆ ಬೆಳೆಯುವ ಮಣ್ಣು. ಅದೇ ಮಣ್ಣು ಮನೆ ಕಟ್ಟುವವನ ಪಾಲಿಗೆ ವೈರಿ.

2

ಮೊದಲು ಕೆಲಸ ಏನೆಂಬುದನ್ನು ತಿಳಿಯೋಣ. ಅಗೆದು ಹಾಕಿದ ಯಾವುದೇ ಮಣ್ಣಿನಲ್ಲಿ ಮೂರು ಇರುತ್ತವೆ: ಮಣ್ಣಿನ ಕಣ, ನೀರು, ಗಾಳಿ. ಸಡಿಲ ಮಣ್ಣೆಂದರೆ ಗಾಳಿ ಹೆಚ್ಚಿರುವ ಮಣ್ಣು. ಅದರ ಮೇಲೆ ಭಾರ ಇಟ್ಟರೆ ಕಾಲಕಾಲಕ್ಕೆ ಕುಸಿಯುತ್ತದೆ, ಅದೂ ಒಂದೇ ಸಮನಾಗಿ ಕುಸಿಯುವುದಿಲ್ಲ. ಒಂದು ಮೂಲೆ ನಾಲ್ಕು ಬೆರಳು ಕೆಳಗೆ ಹೋದರೆ ಇನ್ನೊಂದು ಮೂಲೆ ನಿಂತಲ್ಲೇ ನಿಲ್ಲುತ್ತದೆ. ಗೋಡೆ ಬಿರಿಯುವುದು ಹೀಗೆ. ಮಣ್ಣಿನ ಒಳಗೆ ನೀರು ಹರಿಯಲು ದಾರಿಯಿದ್ದರೆ ಕೆರೆಯ ಒಡ್ಡು ಒಳಗಿಂದೊಳಗೆ ಕೊರೆದು ಹೋಗುತ್ತದೆ. ಬಡಿದು, ತುಳಿದು, ಉರುಳಿಸಿ ಆ ಗಾಳಿಯನ್ನು ಹೊರದಬ್ಬುವುದೇ ಕೆಲಸ. ಕಣ ಕಣಕ್ಕೆ ಹತ್ತುತ್ತದೆ, ಭಾರ ಹೊರುತ್ತದೆ, ನೀರು ಬಿಟ್ಟುಕೊಡುವುದಿಲ್ಲ.

ಇದರಲ್ಲಿ ಗುಟ್ಟು ಇರುವುದು ನೀರಿನ ಹದದಲ್ಲಿ. ಒಣ ಮಣ್ಣು ಎಷ್ಟು ಬಡಿದರೂ ಹೆಂಟೆ ಹೆಂಟೆಯಾಗಿ ನಿಲ್ಲುತ್ತದೆ; ಕಣಗಳು ಒಂದರ ಮೇಲೊಂದು ಜಾರುವುದಿಲ್ಲ. ಸ್ವಲ್ಪ ನೀರು ಬಿದ್ದರೆ ಜಾರಿ ಒತ್ತೊತ್ತಾಗಿ ಕೂಡುತ್ತವೆ. ನೀರು ಹೆಚ್ಚಾದರೆ ಗಾಳಿಯ ಜಾಗವನ್ನು ನೀರೇ ಹಿಡಿದು ಕೂಡುತ್ತದೆ. ನೀರನ್ನು ದಿಮ್ಮಸು ಒತ್ತಿ ಕಿರಿದು ಮಾಡಲಾರದು, ಅದರ ಪೆಟ್ಟಿಗೆ ಕೆಸರು ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಒಣ-ಹಸಿ ಎರಡರ ನಡುವೆ ಒಂದು ಹದ ಇದೆ. ಆ ಹದದಲ್ಲಿ ಬಡಿದರೆ ಅದೇ ಪೆಟ್ಟಿಗೆ ಮಣ್ಣು ಎಲ್ಲಕ್ಕಿಂತ ಹೆಚ್ಚು ಗಟ್ಟಿಯಾಗುತ್ತದೆ.

ಇದು ನಮ್ಮ ಹಳ್ಳಿಯವರಿಗೆ ಹೊಸದಲ್ಲ. ಸುಗ್ಗಿಯ ಮುಂದೆ ಕಣ ಮಾಡುವುದನ್ನು ಕಂಡವರಿಗೆಲ್ಲ ಇದು ಗೊತ್ತು. ನೆಲ ಕೆತ್ತಿ ಸಮ ಮಾಡಿ, ನೀರು ಹೊಡೆದು, ಹದ ಬರುವ ತನಕ ಬಿಟ್ಟು, ಹೊಟ್ಟು ಉದುರಿಸಿ, ಎತ್ತು ತಿರುಗಿಸಿ ತುಳಿಸುತ್ತಾರೆ. ಕೆಲವು ಕಡೆ ಕಲ್ಲಿನ ರೂಲು ಉರುಳಿಸುತ್ತಾರೆ. ಆಮೇಲೆ ಸಗಣಿಯಿಂದ ಸಾರಿಸಿದರೆ ಜೋಳದ ಕಾಳು ನೆಲದ ಬಿರುಕಿಗೆ ಹೋಗುವುದಿಲ್ಲ. ಮಾಳಿಗೆ ಮನೆಯ ಮೇಲೆ ಸವಳು ಮಣ್ಣು ಹಾಸಿ ಬಡಿಯುವುದೂ ಇದೇ ವಿದ್ಯೆ. ಕೇರಿಯ ಹೆಣ್ಣುಮಗಳು ಮಳೆಗಾಲದ ಮುಂದೆ ಮಾಳಿಗೆ ಹತ್ತಿ ಕೊಡತಿಯಿಂದ ಬಡಿಯುವಾಗ ಅವಳು ಮಾಡುತ್ತಿರುವುದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಪಾಠ. ಅವಳಿಗೆ ಆ ಪಾಠದ ಹೆಸರು ಗೊತ್ತಿಲ್ಲ. ಕಾಲೇಜಿನವರಿಗೆ ಅವಳ ಹೆಸರು ಗೊತ್ತಿಲ್ಲ.

ಮಣ್ಣಿನ ಕೆಲಸವನ್ನೇ ಕಸುಬು ಮಾಡಿಕೊಂಡವರು ಒಡ್ಡರು. ಒಡ್ಡು ಹಾಕುವವರು ಒಡ್ಡರಾದರು ಎಂದು ಕೆಲವರು, ಓಡ್ರ ದೇಶದಿಂದ ಬಂದುದರಿಂದ ಒಡ್ಡರೆಂದು ಕೆಲವರು ಹೇಳುತ್ತಾರೆ. ಮಣ್ಣು ಒಡ್ಡರು, ಕಲ್ಲು ಒಡ್ಡರು, ಬಂಡಿ ಒಡ್ಡರು ಎಂದು ಕೆಲಸದ ಮೇಲೆಯೇ ಒಳಪಂಗಡಗಳಾದವು. ಭೋವಿ ಎಂಬ ಹೆಸರಿನಲ್ಲಿ ಅವರು ಇಂದು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಅವರ ಸಲಕರಣೆ ಏನು? ಗುದ್ದಲಿ, ಸಲಿಕೆ, ಬುಟ್ಟಿ, ದಿಮ್ಮಸು. ದಿಮ್ಮಸು ಅಂದ್ರ ಒಂದು ಉದ್ದ ಹಿಡಿಕೆ, ತುದಿಗೆ ಭಾರದ ಕಟ್ಟಿಗೆ ತುಂಡು ಇಲ್ಲವೆ ಕಬ್ಬಿಣದ ತೂಕ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿ, ಉಂಡೆ ಕಟ್ಟಿದರೆ, ಕೈಗೆ ಕೆಸರು ಹತ್ತದಿದ್ದರೆ, ಉಂಡೆ ಒಡೆದಾಗ ಪುಡಿಯಾಗದೆ ಹೋಳಾದರೆ ಹದ ಬಂದಿದೆ ಎಂದು ಲೆಕ್ಕ. ಈ ಪರೀಕ್ಷೆಗೆ ಖರ್ಚಿಲ್ಲ. ಬೇಕಾದದ್ದು ಒಂದು ಜೀವಮಾನದ ಕೈ.

3

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ. ಆ ಕಥೆಯನ್ನು ರಾಘವಾಂಕ ಕಾವ್ಯ ಮಾಡಿದ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಅವನನ್ನು ಒಡ್ಡರಾಮ ಎಂದು ಕರೆದನಂತೆ. ಕೇಳಿದ ಕೆಲಸಗಾರರು ಸಿಟ್ಟಾಗಿ ಕಲ್ಲು ತೂರಿದರಂತೆ. ನಾವು ಗಮನಿಸಬೇಕಾದದ್ದು ಒಂದೇ ಸಂಗತಿ. ಗುರುವನ್ನು ಕೆಣಕಬೇಕಾದಾಗ ನಾಲಿಗೆಗೆ ಸಿಕ್ಕ ಮಾತು 'ಒಡ್ಡ'. ಆ ಹೊತ್ತಿಗಾಗಲೇ ಮಣ್ಣಿನ ಕೆಲಸದವನ ಹೆಸರು ಬೈಗುಳವಾಗಿತ್ತು. ಇಂದು ಭೋವಿಗಳು ಅದೇ ಸಿದ್ಧರಾಮನನ್ನು ತಮ್ಮ ಗುರು ಎಂದು ಎದೆಗೆ ಅಪ್ಪಿಕೊಂಡಿದ್ದಾರೆ. ಬೈಗುಳವನ್ನೇ ಬಿರುದು ಮಾಡಿಕೊಳ್ಳುವುದು ತುಳಿತಕ್ಕೊಳಗಾದವರ ಹಳೆಯ ದಾರಿ.

ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳ ಕೆರೆಯ ಶಾಸನ 1369ರದು. ವಿಜಯನಗರದ ಅರಸು ಮನೆತನದ ಭಾಸ್ಕರ ಕಟ್ಟಿಸಿದ ಕೆರೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಆ ಶಾಸನ ಹೇಳುತ್ತದೆ. ಧರ್ಮಿಷ್ಠ ಅರಸ, ಜಲಶಾಸ್ತ್ರ ಬಲ್ಲ ಬ್ರಾಹ್ಮಣ, ಗಟ್ಟಿ ಮಣ್ಣಿನ ನೆಲ, ಸಿಹಿನೀರಿನ ಹೊಳೆ ಹೀಗೆ ಪಟ್ಟಿ ಸಾಗುತ್ತದೆ. ಕೆಲಸ ಬಲ್ಲ ಆಳುಗಳ ಗುಂಪು ಬರುವುದು ಪಟ್ಟಿಯ ಕೊನೆಯ ಕಡೆಗೆ. ಒಡ್ಡಿನಿಂದ ನೀರು ಜಿನುಗುವುದನ್ನು ದೋಷವೆಂದು ಅದು ಎಣಿಸುತ್ತದೆ. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಎಂಬ ಲೆಕ್ಕವನ್ನೂ ಕೊಟ್ಟಿದೆ. ಸಾವಿರ ಆಳು ಎಂಬುದು ಬರೀ ಸಂಖ್ಯೆ. ಆ ಸಾವಿರದಲ್ಲಿ ಒಂದು ಹೆಸರೂ ಕಲ್ಲಿಗೆ ಏರಲಿಲ್ಲ.

ಇನ್ನೊಂದು ಸಾಕ್ಷಿ ಇನ್ನೂ ಕಠಿಣವಾದುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯ ಕೆಲಸ ನೋಡಿದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕಾಣುತ್ತಿದ್ದರು, ನೆಲವೇ ಕಾಣದಷ್ಟು ಜನ ಎಂದು ಬರೆದ. ಆ ಕೆರೆ ಎರಡು ಮೂರು ಸಲ ಒಡೆಯಿತು. ಅರಸ ಪುರೋಹಿತರನ್ನು ಕೇಳಿದ. ದೇವರಿಗೆ ಮನುಷ್ಯರ, ಕುದುರೆಗಳ, ಕೋಣಗಳ ರಕ್ತ ಬೇಕು ಎಂದರು. ಅರುವತ್ತು ಜನರ ತಲೆ ತೆಗೆಸಲಾಯಿತು ಎಂದು ಪಾಯೆಸ್ ಬರೆಯುತ್ತಾನೆ.

ಮಣ್ಣಿನ ಒಡ್ಡು ಯಾಕೆ ಒಡೆಯುತ್ತದೆ ಎಂಬುದು ಇಂದು ಗುಟ್ಟಲ್ಲ. ಪದರು ದಪ್ಪವಾಗಿ ಹಾಕಿದರೆ ಪೆಟ್ಟು ಕೆಳಗೆ ಮುಟ್ಟುವುದಿಲ್ಲ. ಕೈ ದಿಮ್ಮಸಿನ ಪೆಟ್ಟು ನಾಲ್ಕಾರು ಅಂಗುಲಕ್ಕಿಂತ ಆಳಕ್ಕೆ ಇಳಿಯುವುದು ಕಷ್ಟ. ಅರಸನ ಅವಸರಕ್ಕೆ ಮಣ್ಣು ಸುರಿದು ಎತ್ತರ ಏರಿಸಿದರೆ ಒಳಗೆ ಸಡಿಲ ಉಳಿಯುತ್ತದೆ. ನೀರು ತುಂಬಿದಾಗ ಆ ಸಡಿಲಿನ ದಾರಿ ಹಿಡಿದು ಕೊರೆಯುತ್ತದೆ. ಆ ಕೆರೆ ಒಡೆದದ್ದು ಇದರಿಂದಲೋ, ಕೋಡಿಯ ಅಳತೆಯಿಂದಲೋ, ಬುನಾದಿಯಿಂದಲೋ ಪಾಯೆಸ್ ಹೇಳಿಲ್ಲ. ಆದರೆ ಯಾವುದಿದ್ದರೂ ಉತ್ತರ ಇದ್ದದ್ದು ಮಣ್ಣಿನಲ್ಲಿ, ನೀರಿನಲ್ಲಿ. ಆ ಉತ್ತರವನ್ನು ಕೇಳಬೇಕಾಗಿದ್ದುದು ದಿಮ್ಮಸು ಹಿಡಿದವನನ್ನು. ಕೇಳಿದ್ದು ಪಂಚಾಂಗ ಹಿಡಿದವನನ್ನು. ವಿದ್ಯೆ ಒಂದು ಕಡೆ, ಅಧಿಕಾರ ಒಂದು ಕಡೆ ಇದ್ದಾಗ ತಲೆ ಉರುಳುವುದು ಮೂರನೆಯವನದು.

ನಮ್ಮ ಜನಪದರು 'ಕೆರೆಗೆ ಹಾರ' ಹಾಡಿನಲ್ಲಿ ಕಿರಿಸೊಸಿ ಭಾಗೀರಥಿಯನ್ನು ಕೆರೆಗೆ ಕೊಟ್ಟ ಕಥೆಯನ್ನು ಉಳಿಸಿಟ್ಟಿದ್ದಾರೆ. ಅದನ್ನು ತ್ಯಾಗದ ಕಥೆಯೆಂದು ಪಠ್ಯಪುಸ್ತಕ ಕಲಿಸುತ್ತದೆ. ಮನೆಯ ಯಜಮಾನ ಪಂಚಾಂಗ ಕೇಳಿ, ಮನೆಯಲ್ಲಿ ಎಲ್ಲರಿಗಿಂತ ಕಿರಿಯಳಾದವಳನ್ನು ಆರಿಸುವುದು ತ್ಯಾಗ ಹೇಗಾಯಿತು ಎಂದು ನಾವು ಕೇಳುತ್ತೇವೆ.

4

ಬ್ರಿಟಿಷರು ಬಂದಾಗ ಕೆಲಸದ ರೀತಿ ಬದಲಾಯಿತು, ಕೆಲಸ ಮಾಡುವವರು ಬದಲಾಗಲಿಲ್ಲ. 1840ರ ದಶಕದಿಂದ ಧಾರವಾಡದ ಎರಿ ಹೊಲಗಳಲ್ಲಿ ಅಮೆರಿಕದ ಹತ್ತಿ ಬೆಳೆಸಲು ಕಂಪನಿ ಸರಕಾರ ಹವಣಿಸಿತು. ಹತ್ತಿ ಬಂದರಿಗೆ ಮುಟ್ಟಬೇಕಾದರೆ ರಸ್ತೆ ಬೇಕು. ಎರಿ ನೆಲದ ಮೇಲೆ ಮಳೆಗಾಲದಲ್ಲಿ ಬಂಡಿಯ ಗಾಲಿ ಅಚ್ಚಿನ ತನಕ ಹುಗಿಯುತ್ತದೆ. ಆದ್ದರಿಂದ ಗರಸು ತಂದು ಹಾಸಿ, ಜಲ್ಲಿ ಹಾಕಿ, ಬಡಿದು ರಸ್ತೆ ಮಾಡಬೇಕಾಯಿತು. ಬಡಿದವರು ಅದೇ ಒಡ್ಡರು, ಅದೇ ಹೊಲೆಯ-ಮಾದಿಗರು, ಅದೇ ಕೂಲಿ ಹೆಣ್ಣುಮಕ್ಕಳು.

1876-78ರ ಬರ ಬಂತು. ಧಾರವಾಡ ಜಿಲ್ಲೆ ಅದರ ಬಾಯಿಗೆ ಸಿಕ್ಕ ಜಿಲ್ಲೆಗಳಲ್ಲೊಂದು. ಸರಕಾರ ಪುಕ್ಕಟೆ ಕೂಳು ಕೊಡಲಿಲ್ಲ, ಮಣ್ಣು ಹೊರಿಸಿ ಕೊಟ್ಟಿತು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಗಾಲದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಕಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಇಡೀ ದಿನ ಮಣ್ಣು ಅಗೆದು, ಹೊತ್ತು, ಬಡಿಯುವ ಮೈಗೆ ಅಷ್ಟು. ಮುಂಬಯಿ ಇಲಾಖೆಯ ಕಾಮಗಾರಿಗಳಿಂದ ಸಾವಿರಾರು ಜನ ಸಲಿಕೆ ಬಿಸಾಕಿ ಎದ್ದುಹೋದರು. ಇದನ್ನು ಬರಗಾಲದ ವರದಿಗಳು ಹಟಮಾರಿತನ ಎಂದವು. ಹೊಟ್ಟೆಗಿಲ್ಲದವರ ಮುಷ್ಕರಕ್ಕೆ ನಾವು ಬೇರೆ ಹೆಸರು ಕೊಡುತ್ತೇವೆ.

1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರ ನೀಗಿಸಲೆಂದು ಹೇಳಿ ಹಾಕಿದ ಆ ದಾರಿ ಹುಬ್ಬಳ್ಳಿ, ಅಣ್ಣಿಗೇರಿ, ಗದಗಗಳ ಎರಿಯನ್ನು ಸೀಳಿಕೊಂಡು ಹೋಯಿತು. ಹಳಿಯ ಕೆಳಗಿನ ದಿಬ್ಬವೆಲ್ಲ ಬುಟ್ಟಿಯಲ್ಲಿ ಹೊತ್ತು ಹಾಕಿದ್ದು.

ಕೂಲಿಯ ಲೆಕ್ಕ ಹೇಗಿತ್ತು ನೋಡಿ. ಮಣ್ಣು ತೆಗೆದ ಗುಂಡಿಯನ್ನು ಅಳೆದು ಕೂಲಿ. ಆಳ ಎಷ್ಟಿತ್ತೆಂಬುದಕ್ಕೆ ಸಾಕ್ಷಿಯಾಗಿ ಗುಂಡಿಯ ನಡುವೆ ಅಗೆಯದೆ ಒಂದು ಮಣ್ಣಿನ ಗುಡ್ಡಿ ಬಿಡುತ್ತಿದ್ದರು. ನೂರು ಘನ ಅಡಿಗೆ ಒಂದು ಬ್ರಾಸ್, ಬ್ರಾಸಿಗೆ ಇಷ್ಟು ಕಾಸು. ಅಗೆದದ್ದು ಕಾಣುತ್ತದೆ, ಹೊತ್ತದ್ದು ಕಾಣುತ್ತದೆ; ಬಡಿದದ್ದು ಕಾಣುವುದಿಲ್ಲ. ಗುಂಡಿ ಬಿಟ್ಟು ತುಂಬಿದ ಒಡ್ಡನ್ನೇ ಅಳೆದಾಗ, ಮುಂದೆ ಕುಸಿಯುತ್ತದೆ ಎಂದು ಹತ್ತರಲ್ಲೊಂದು ಪಾಲು ಮುರಿದುಕೊಳ್ಳುವ ಪದ್ಧತಿಯೂ ಬಂತು. ಹೀಗೆ ಚೆನ್ನಾಗಿ ಬಡಿದವನ ಒಡ್ಡು ಗಿಡ್ಡಾಗುತ್ತದೆ, ಅವನ ಕೂಲಿಯೂ ಗಿಡ್ಡಾಗುತ್ತದೆ. ಸಡಿಲ ಸುರಿದವನ ಒಡ್ಡು ಎತ್ತರ ಕಾಣುತ್ತದೆ. ಇಂಥ ಲೆಕ್ಕ ಹಾಕಿದವರೇ ಮುಂದೆ ಕೂಲಿಯವನನ್ನು ಮೈಗಳ್ಳ ಎಂದರು. ಕೆಲಸಗಳ್ಳತನವನ್ನು ಕಲಿಸಿದ್ದು ಲೆಕ್ಕದ ಪುಸ್ತಕ.

1860ರ ದಶಕದಲ್ಲಿ ಉಗಿಯ ರೋಲರು ಬಂತು. ಕಲಕತ್ತೆಯ ನಗರಸಭೆಯ ಇಂಜಿನಿಯರ್ ಕ್ಲಾರ್ಕ್ ಎಂಬವನು ಇಂಗ್ಲೆಂಡಿನ ಬಾಥೊ ಜೊತೆ ಸೇರಿ ಅಂಥದೊಂದನ್ನು ಮಾಡಿಸಿದ. ಇಂಗ್ಲೆಂಡಿನ ಏವ್ಲಿಂಗ್ ಅಂಡ್ ಪೋರ್ಟರ್ ಕಂಪನಿ ಅದನ್ನೇ ದಂಧೆ ಮಾಡಿಕೊಂಡು ಲೋಕಕ್ಕೆಲ್ಲ ಮಾರಿತು. ಆದರೆ ಹಳ್ಳಿಯ ರಸ್ತೆಗೆ ರೋಲರು ಬರಲು ಇನ್ನೂ ಬಹಳ ವರ್ಷ ಹಿಡಿಯಿತು. ಮನುಷ್ಯ ಯಂತ್ರಕ್ಕಿಂತ ಅಗ್ಗವಾಗಿರುವ ತನಕ ಯಾವ ಕಂತ್ರಾಟುದಾರನೂ ಯಂತ್ರ ತರುವುದಿಲ್ಲ.

5

1928ರ ಮಾರ್ಚ್ 12ರ ಮಧ್ಯರಾತ್ರಿ ಅಮೆರಿಕದ ಲಾಸ್ ಏಂಜಲಿಸ್ ಹತ್ತಿರ ಸೇಂಟ್ ಫ್ರಾನ್ಸಿಸ್ ಎಂಬ ಅಣೆಕಟ್ಟು ಒಡೆದು ನಾಲ್ಕುನೂರಕ್ಕೂ ಹೆಚ್ಚು ಜನ ಸತ್ತರು. ಅದು ಕಾಂಕ್ರೀಟಿನದು, ಕೈಕೊಟ್ಟದ್ದು ಕೆಳಗಿನ ನೆಲ. ಅಲ್ಲಿಯೂ ಹೆಚ್ಚಾಗಿ ಸತ್ತವರು ಕಣಿವೆಯ ಕೂಲಿಗಳು, ಬಡ ರೈತರು. ಆ ನಗರದ ನೀರಿನ ಇಲಾಖೆ ಮುಂದೆ ಮಣ್ಣಿನ ಅಣೆಕಟ್ಟು ಕಟ್ಟಲು ಹೊರಟಾಗ, ರಾಲ್ಫ್ ಪ್ರಾಕ್ಟರ್ ಎಂಬ ಇಂಜಿನಿಯರ್ ಮಣ್ಣಿನ ಹದವನ್ನು ಅಳೆಯುವ ದಾರಿ ಹುಡುಕಿದ. 1933ರಲ್ಲಿ ಒಂದು ಇಂಜಿನಿಯರಿಂಗ್ ಪತ್ರಿಕೆಯಲ್ಲಿ ನಾಲ್ಕು ಲೇಖನ ಬರೆದ. ಇಂದು ಲೋಕದ ಎಲ್ಲ ಪ್ರಯೋಗಾಲಯಗಳಲ್ಲಿ ಅದಕ್ಕೆ ಪ್ರಾಕ್ಟರ್ ಪರೀಕ್ಷೆ ಅಂತಾರ.

ನಮ್ಮ ದೇಶದ ಮಾನಕದಲ್ಲಿ ಅದು ಹೀಗಿದೆ: ಒಂದು ಸಾವಿರ ಘನ ಸೆಂಟಿಮೀಟರ್ ಹಿಡಿಯುವ ಕಬ್ಬಿಣದ ಅಚ್ಚು. ಅದರಲ್ಲಿ ಮೂರು ಪದರಾಗಿ ಮಣ್ಣು. ಪ್ರತಿ ಪದರಿಗೆ 2.6 ಕಿಲೋ ತೂಕದ ದಿಮ್ಮಸು, 31 ಸೆಂಟಿಮೀಟರ್ ಎತ್ತರದಿಂದ 25 ಪೆಟ್ಟು. ನೀರನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಮತ್ತೆ ಮತ್ತೆ ಬಡಿಯುವುದು, ತೂಗುವುದು. ತೂಕ ಏರುತ್ತಾ ಹೋಗಿ ಒಂದು ಕಡೆ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಆ ತುದಿಯೇ ಹದ. ಬಯಲಿನಲ್ಲಿ ರೋಲರು ಉರುಳಿದ ಮೇಲೆ ಅಲ್ಲಿಯ ಮಣ್ಣು ತೆಗೆದು ತೂಗಿ, ಈ ತುದಿಯ ನೂರಕ್ಕೆ 95 ಪಾಲಾದರೂ ಬಂದಿದೆಯೋ ಎಂದು ನೋಡುತ್ತಾರೆ.

ನಾವು ಪ್ರಾಕ್ಟರನನ್ನು ಕಡೆಗಣಿಸುತ್ತಿಲ್ಲ. ಅವನು ಮಾಡಿದ್ದು ದೊಡ್ಡ ಕೆಲಸ. ಕೈಯ ಅಂದಾಜನ್ನು ಎಲ್ಲರೂ ತಪಾಸು ಮಾಡಬಹುದಾದ ಅಂಕಿಯನ್ನಾಗಿ ಮಾಡಿದ. ಅಂಕಿ ಇದ್ದಲ್ಲಿ ಕಂತ್ರಾಟುದಾರನ ಮೋಸವನ್ನು ಹಿಡಿಯಬಹುದು. ಆದರೆ ಅಂಕಿ ಹುಟ್ಟಿದ ದಿನದಿಂದ ಹದ ನೋಡುವ ಹಕ್ಕು ಕೈಯಿಂದ ಕಾಗದಕ್ಕೆ ಹೋಯಿತು. ಅಮೆರಿಕದಲ್ಲಿ ಆ ವಿದ್ಯೆಗೆ ಅದನ್ನು ಬರೆದವನ ಹೆಸರು ಬಂತು. ನಮ್ಮಲ್ಲಿ ಶತಮಾನಗಟ್ಟಲೆ ಆ ಹದ ನೋಡುತ್ತಾ ಬಂದವನಿಗೆ ಸಿಕ್ಕಿದ್ದು ಜಾತಿಯ ಹೆಸರು ಒಂದೇ.

ಇನ್ನೊಂದು ಮಾತು. ಜೇಡಿ ಮಣ್ಣನ್ನು ನುಣುಪು ರೋಲರಿಗಿಂತ ಮೊಳೆ ಮೊಳೆ ಇರುವ ರೋಲರು ಚೆನ್ನಾಗಿ ನಾದುತ್ತದೆ. ಇದಕ್ಕೆ ಕುರಿಗಾಲಿನ ರೋಲರು ಎಂದೇ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕುರಿಹಿಂಡು ದಾಟಿದ ನೆಲ ಗಟ್ಟಿಯಾದದ್ದನ್ನು ಕಂಡು ಇದನ್ನು ಮಾಡಿದರೆಂದು ಹೇಳುತ್ತಾರೆ. ಎರಿ ಹೊಲದಲ್ಲಿ ಕುರಿ ನಿಲ್ಲಿಸುವ ನಮ್ಮ ಕುರುಬರು ಈ ಕಥೆ ಕೇಳಿದರೆ ನಕ್ಕಾರು. ಮರಳಿಗಾದರೆ ತುಳಿತ ಬೇಕಿಲ್ಲ, ನಡುಗಿಸಬೇಕು. ಅದಕ್ಕೆ ನಡುಗುವ ರೋಲರು ಬಂದವು. ಮಣ್ಣಿನ ಜಾತಿ ನೋಡಿ ಯಂತ್ರ ಆರಿಸಬೇಕು. ಜಾತಿ ನೋಡಬೇಕಾದದ್ದು ಮಣ್ಣಿನಲ್ಲಿ ಮಾತ್ರ.

6

ಈಗ ಎರಿಗೆ ಬರೋಣ. ಇಲ್ಲಿ ಮೇಲಿನ ಶಾಸ್ತ್ರವೆಲ್ಲ ತಲೆಕೆಳಗಾಗುತ್ತದೆ.

ಎರಿಯಲ್ಲಿ ನೀರು ಕುಡಿದು ಉಬ್ಬುವ ಒಂದು ಜೇಡಿ ಇದೆ. ಮಾಂಟ್‌ಮೊರಿಲೊನೈಟ್ ಎಂದು ಅದರ ಹೆಸರು. ಬ್ಯಾಸಗಿಯಲ್ಲಿ ಯಮನೂರಿನ ಹೊಲದಾಗ ನಡೆದು ನೋಡಿ. ಕಾಲು ಹೋಗುವಷ್ಟು ಬಿರುಕು, ಕೋಲು ಬಿಟ್ಟರೆ ಕೆಳಗೆ ಇಳಿಯುತ್ತದೆ. ಮಳೆ ಬಿದ್ದರೆ ಅದೇ ನೆಲ ಉಬ್ಬಿ ಬಿರುಕು ಮುಚ್ಚಿಕೊಂಡು ಗಾಲಿಗೆ, ಕಾಲಿಗೆ, ನೇಗಿಲಿಗೆ ಅಂಟಿಕೊಳ್ಳುತ್ತದೆ. ಇದರ ಮೇಲೆ ಮನೆ ಕಟ್ಟಿದರೆ ವರ್ಷಕ್ಕೊಮ್ಮೆ ನೆಲ ಎದ್ದು ಕೂಡುತ್ತದೆ. ಗೋಡೆಯ ಮೂಲೆ ಬಿರಿಯುತ್ತದೆ, ಬಾಗಿಲ ಚೌಕಟ್ಟು ಓರೆಯಾಗುತ್ತದೆ, ನೆಲದ ಹಾಸುಗಲ್ಲು ಏಳುತ್ತದೆ.

ಹಾಗಾದರೆ ಚೆನ್ನಾಗಿ ಬಡಿದರೆ ಸರಿಹೋಗುತ್ತದೆಯೆ? ಇಲ್ಲ. ಎರಿಯನ್ನು ಒಣಗಿದ್ದಾಗ ಗಟ್ಟಿಯಾಗಿ ಬಡಿದಷ್ಟೂ ಮುಂದೆ ನೀರು ಮುಟ್ಟಿದಾಗ ಅದು ಹೆಚ್ಚು ಉಬ್ಬುತ್ತದೆ. ಒಂದೇ ಜಾಗದಲ್ಲಿ ಹೆಚ್ಚು ಜೇಡಿ ತುಂಬಿದಂತಾಗಿ ಅದರ ಒತ್ತಡ ಏರುತ್ತದೆ. ಆದ್ದರಿಂದ ತಿಳಿದವರು ಎರಿಯನ್ನೇ ಬಡಿಯಬೇಕಾದಾಗ ಹದಕ್ಕಿಂತ ತುಸು ಹೆಚ್ಚು ನೀರಿಟ್ಟು, ಅತಿ ಮಾಡದೆ ಬಡಿಯಿರಿ ಎನ್ನುತ್ತಾರೆ. ಇಲ್ಲವೆ ಎರಿಯನ್ನು ತೆಗೆದು ಗರಸು ತುಂಬಿ, ಗರಸನ್ನು ಪದರು ಪದರಾಗಿ ಬಡಿಯಿರಿ, ಸುಣ್ಣ ಬೆರೆಸಿ, ಅಥವಾ ಉಬ್ಬು-ಕುಗ್ಗು ಮುಟ್ಟದ ಆಳಕ್ಕೆ ಬುನಾದಿ ಇಳಿಸಿ ಎನ್ನುತ್ತಾರೆ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಂಬಗಳನ್ನು ಇದಕ್ಕೆಂದೇ ರೂಢಿಗೆ ತಂದಿತು. ಆಳವಾದ ಎರಿಯಲ್ಲಿ ಅವು ಮೂರೂವರೆ ಮೀಟರ್ ಆದರೂ ಇಳಿಯಬೇಕೆಂದು ನಿಯಮ.

ಇದು ದೊಡ್ಡ ಪ್ರಮಾಣದಲ್ಲಿ ಪಾಠ ಕಲಿಸಿದ್ದು ಮಲಪ್ರಭೆಯ ಕಾಲುವೆ. ನವಿಲುತೀರ್ಥದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿಯಿತು. ಬಲದಂಡೆ ಕಾಲುವೆ ನರಗುಂದ, ನವಲಗುಂದದ ಎರಿ ಸೀಮೆಗೆ ಬಂತು. ಎರಿಯಲ್ಲಿ ತೆಗೆದ ಕಾಲುವೆಯ ದಂಡೆ ಜರಿಯಿತು, ಹಾಸಿದ ಕಲ್ಲು-ಕಾಂಕ್ರೀಟು ಉಬ್ಬಿ ಎದ್ದಿತು. ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಇದನ್ನು ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಎರಿ ತುಂಬಿ ಪರೀಕ್ಷಿಸಿದರು. ಮೇಲಿನ ಎರಿ ಉಬ್ಬಿದರೂ ಸುಮಾರು ಒಂದು ಮೀಟರ್ ಕೆಳಗಿನ ಎರಿ ಉಬ್ಬದೆ ಸುಮ್ಮನಿರುವುದನ್ನು ಅವರು ಕಂಡರು. ಹಾಗಾದರೆ ಉಬ್ಬದ, ಆದರೆ ಹಿಡಿತ ಇರುವ ಗರಸಿನಂಥ ಮಣ್ಣನ್ನು ಅಷ್ಟೇ ದಪ್ಪ ಹಾಸಿ ಬಡಿದರೆ ಕೆಳಗಿನ ಎರಿ ಸುಮ್ಮನಿರುತ್ತದೆ ಎಂದರು. ಮಲಪ್ರಭಾ ಕಾಲುವೆ ಈ ಪದ್ಧತಿಯ ಮೊದಲ ಪ್ರಯೋಗಭೂಮಿಗಳಲ್ಲೊಂದು. ಎರಿಯಲ್ಲಿ ಕಾಲುವೆಗೆ ಒಳಹಾಸು ಹಾಕುವ ಬಗ್ಗೆ ರಾಷ್ಟ್ರೀಯ ಮಾನಕವೇ ಆಯಿತು. ಭಾರ ಹಾಕಿ ಅದುಮಿ ಎರಿಯನ್ನು ಗೆಲ್ಲಲಾಗಲಿಲ್ಲ. ಅದರ ಗುಣ ತಿಳಿದು, ಅದಕ್ಕೆ ಹೊಂದುವ ಮಣ್ಣನ್ನು ಮಗ್ಗುಲಿಗೆ ತಂದಾಗ ಅದು ಒಪ್ಪಿತು.

ಆದರೆ ವಿದ್ಯೆ ಬರುವ ಮೊದಲು ಬಿಲ್ಲು ಬಂದಿತ್ತು. ಕಾಲುವೆ ಸರಿಯಿಲ್ಲ, ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ, ಆದರೂ ಬೆಟರ್‌ಮೆಂಟ್ ಲೆವಿ ಕಟ್ಟಿರಿ, ನೀರಿನ ಕರ ಕಟ್ಟಿರಿ ಎಂದಿತು ಸರಕಾರ. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರು ಬಂಡೆದ್ದರು, ಗೋಲಿಬಾರು ಆಯಿತು, ರೈತರು ಸತ್ತರು. ಕರ್ನಾಟಕದ ರೈತ ಚಳವಳಿಗೆ ಅಲ್ಲಿಂದ ಹೊಸ ಹುಟ್ಟು. ಆ ಹುತಾತ್ಮರಿಗೆ ನಾವು ತಲೆಬಾಗುತ್ತೇವೆ. ಆ ಗೌರವದೊಂದಿಗೇ ಒಂದು ಮಾತು ಕೇಳುತ್ತೇವೆ. ಆ ಕಾಲುವೆಯನ್ನು ಅಗೆದವರು, ಮಣ್ಣು ಹೊತ್ತವರು, ದಂಡೆ ಬಡಿದವರು ಎಲ್ಲಿದ್ದಾರೆ? ಅವರಿಗೆ ಕರ ಬರಲಿಲ್ಲ. ಯಾಕಂದ್ರ ಕರ ಹಾಕಲು ಅವರಿಗೆ ಹೊಲವೇ ಇರಲಿಲ್ಲ.

7

ಈಗ ಯಂತ್ರ ಬಂದಿದೆ. 1979ರಿಂದ ಜೇಸಿಬಿ ನಮ್ಮ ದೇಶದಲ್ಲೇ ತಯಾರಾಗತೊಡಗಿತು. ಇಂದು ಹಳ್ಳಿ ಹಳ್ಳಿಗೂ ಬಂದಿದೆ. ನಡುಗುವ ರೋಲರು, ಕೈಯಲ್ಲಿ ಹಿಡಿದು ಕುಣಿಸುವ ದಿಮ್ಮಸು ಯಂತ್ರ ಎಲ್ಲ ಬಾಡಿಗೆಗೆ ಸಿಗುತ್ತವೆ. ನೂರು ಆಳಿನ ಕೆಲಸ ಒಂದು ಯಂತ್ರ ಮಾಡುತ್ತದೆ, ಮತ್ತು ಚೆನ್ನಾಗಿ ಮಾಡುತ್ತದೆ. ನಾವು ಯಂತ್ರದ ವಿರೋಧಿಗಳಲ್ಲ. ಬೆನ್ನು ಮುರಿಯುವ ಕೆಲಸ ಯಂತ್ರ ಮಾಡಲಿ. ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ಉದುರಿದ ನಮ್ಮ ಅವ್ವಂದಿರಿಗೆ ಆ ಬುಟ್ಟಿಯ ಮೇಲೆ ಮೋಹವೇನಿಲ್ಲ. ಆದರೆ ಯಂತ್ರ ಯಾರದು? ದಿಮ್ಮಸು ಹಿಡಿದವನ ಮಗ ಆ ರೋಲರಿನ ಮಾಲಕನಾದನೆ? ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕುರ್ಚಿ ಸಿಕ್ಕಿತೆ? ಹೆಚ್ಚು ಕಡೆ ಸಿಕ್ಕಿದ್ದು ರೋಲರಿನ ಮುಂದೆ ನೀರು ಹೊಡೆಯುವ, ಕಲ್ಲು ಆರಿಸುವ ಕೆಲಸ.

ಕಾನೂನುಗಳು ಬಂದಿವೆ. 1942ರಿಂದ 1946ರ ತನಕ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹಿಡಿದಿದ್ದ ಡಾ. ಬಾಬಾಸಾಹೇಬ ಅಂಬೇಡ್ಕರರ ಕೈಯಲ್ಲಿಯೇ ಲೋಕೋಪಯೋಗಿ ಕಾಮಗಾರಿ, ನೀರಾವರಿ ಎರಡೂ ಇದ್ದವು. ಅಣೆಕಟ್ಟನ್ನೂ ಅದನ್ನು ಕಟ್ಟುವ ಕೂಲಿಯನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರು ಅವರು. 1976ರಲ್ಲಿ ಹೆಣ್ಣು-ಗಂಡಿಗೆ ಸಮಾನ ಕೂಲಿಯ ಕಾನೂನು, 1996ರಲ್ಲಿ ಕಟ್ಟಡ ಕಾರ್ಮಿಕರ ಕಾನೂನು, 2006ರಲ್ಲಿ ಕರ್ನಾಟಕದಲ್ಲಿ ಅದರ ನಿಯಮ ಬಂದವು. ಒಂದೊಂದೂ ಹೋರಾಟದ ಫಲ. ಕಾಗದದಿಂದ ನೆಲಕ್ಕೆ ಇಳಿಯಲು ಒಂದೊಂದಕ್ಕೂ ಇನ್ನೊಂದು ಹೋರಾಟ ಬೇಕಾಯಿತು.

ಕಡೆಯ ಮಾತು ಮನೆಯದು. ಎರಿ ಸೀಮೆಯಲ್ಲಿ ಕೇರಿ ಎಲ್ಲಿರುತ್ತದೆ? ತಗ್ಗಿನಲ್ಲಿ, ಹಳ್ಳದ ಮಗ್ಗುಲಿಗೆ, ಊರಿನ ನೀರು ಹರಿದು ನಿಲ್ಲುವಲ್ಲಿ. ಗಡಸು ನೆಲ, ದಿನ್ನೆಯ ನೆಲ ಮೊದಲೇ ಹಂಚಿಹೋಗಿದೆ. 2009ರ ನೆರೆಯಲ್ಲಿ, 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ ಉಕ್ಕಿದಾಗ ಮೊದಲು ನೀರು ಹೊಕ್ಕಿದ್ದು ತಗ್ಗಿನ ಮನೆಗಳಿಗೆ. 1970ರ ದಶಕದ ಜನತಾ ಮನೆಯಿಂದ ಹಿಡಿದು ಈಚಿನ ತನಕ ಬಡವರಿಗೆಂದು ಸರಕಾರ ಮನೆ ಕಟ್ಟಿಸುತ್ತಾ ಬಂದಿದೆ. ಮನೆಗೆ ಇಷ್ಟು ರೂಪಾಯಿ ಎಂದು ಇಡೀ ರಾಜ್ಯಕ್ಕೆ ಒಂದೇ ಅಳತೆ ಇಡುತ್ತಾರೆ. ಕೆಂಪು ಗಟ್ಟಿ ನೆಲದಲ್ಲಿ ಎರಡಡಿ ತೆಗೆದರೆ ಬುನಾದಿ ಮುಗಿಯುತ್ತದೆ. ಎರಿಯಲ್ಲಿ ಮನೆಗಿಂತ ಬುನಾದಿಯೇ ದುಬಾರಿ. ಗರಸನ್ನು ಹೊರಗಿನಿಂದ ಟ್ರ್ಯಾಕ್ಟರಿನಲ್ಲಿ ಹೇರಿಸಿ ತರಬೇಕು, ಪದರು ಪದರಾಗಿ ನೀರಿಟ್ಟು ಬಡಿಯಬೇಕು. ಆ ದುಡ್ಡು ಅಳತೆಯಲ್ಲಿ ಇರುವುದಿಲ್ಲ. ಎರಿಯ ಮೇಲೆ ಎರಿಯನ್ನೇ ತುಂಬಿ, ಎರಡು ಕೊಡ ನೀರು ಸುರಿದು ಮನೆ ಎಬ್ಬಿಸುತ್ತಾರೆ. ಮೂರು ಮಳೆಗಾಲಕ್ಕೆ ಗೋಡೆ ಬಿರಿಯುತ್ತದೆ. 'ಇವರಿಗೆ ಮನಿ ಕೊಟ್ರೂ ಇಟಗೊಳ್ಳಾಕ ಬರೂದಿಲ್ಲ' ಎಂಬ ಮಾತು ಊರೊಳಗಿಂದ ಬರುತ್ತದೆ. ನಾಡಿನ ಕೆರೆ, ರಸ್ತೆ, ಹಳಿ, ಕಾಲುವೆಗೆಲ್ಲ ನೆಲ ಗಟ್ಟಿ ಮಾಡಿ ಕೊಟ್ಟವರ ಮನೆಯ ಕೆಳಗೆ ಸಡಿಲ ನೆಲ. ಇದಕ್ಕಿಂತ ಚರಿತ್ರೆ ಬೇರೆ ಬೇಕೆ?

ನಾವು ಕೇಳುವುದು ಕರುಣೆಯಲ್ಲ, ಲೆಕ್ಕ. ಎರಿ ಸೀಮೆಯ ಬಡವರ ಮನೆಗೆ ಬುನಾದಿಯ ಖರ್ಚು ಬೇರೆಯಾಗಿ ಸೇರಬೇಕು. ಸರಕಾರಿ ಮನೆ ಕಟ್ಟುವ ಮೊದಲು ಆ ಜಾಗದ ಮಣ್ಣು ಪರೀಕ್ಷೆಯಾಗಬೇಕು, ಅದರ ಅಂಕಿಗಳನ್ನು ಕೇರಿಯವರ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕು. ಕೇರಿಗೆ ಕೊಡುವ ಜಾಗ ತಗ್ಗಿನದಾಗಿರಬಾರದು. ಮಣ್ಣಿನ ಕೆಲಸದವರ ಮಕ್ಕಳಿಗೆ ಆ ಪ್ರಯೋಗಾಲಯದ ಬಾಗಿಲು ತೆರೆಯಬೇಕು. ಕೈಯಲ್ಲಿ ಹದ ಬಲ್ಲವನಿಗೆ ಅಂಕಿ ಕಲಿಯುವುದು ಕಷ್ಟವಲ್ಲ.

ನೆಲವನ್ನು ಬಲ್ಲ ಜನ ನಾವು. ಸಡಿಲ ಮಣ್ಣನ್ನು ಬಡಿದರೆ ಗಟ್ಟಿಯಾಗುತ್ತದೆ ಎಂದು ಅರಸರಿಗೆ, ಕಂಪನಿಗೆ, ಸರಕಾರಕ್ಕೆ ಮಾಡಿ ತೋರಿಸಿದ್ದೇವೆ. ಎರಿ ಮಾತ್ರ ಬೇರೆ. ಅದನ್ನು ಒಣಗಿಸಿ ತುಳಿದಷ್ಟೂ, ಮೊದಲ ಮಳೆಗೆ ಅದು ಮೇಲಿನದನ್ನು ಎತ್ತಿ ಒಗೆಯುತ್ತದೆ. ನಮ್ಮ ತಲೆಯ ಮೇಲೆ ಮನೆ ಕಟ್ಟಿಕೊಂಡವರು ಈ ಮಣ್ಣಿನ ಗುಣವನ್ನು ಇನ್ನಾದರೂ ತಿಳಿಯಲಿ.